ಎರೆಹುಳು ಗೊಬ್ಬರ ಹಾಕಿದರೆ ಯೂರಿಯಾ, ಡಿಎಪಿ ಬೇಡವೇ? ಕೋಲಾರದ ಹೊಲದಲ್ಲಿ ಲೆಕ್ಕ ಹಾಕಿ ನೋಡೋಣ

'ಎಕರೆಗೆ ಒಂದು ಟನ್ ಎರೆಹುಳು ಗೊಬ್ಬರ ಹಾಕಿ, ಯೂರಿಯಾ, ಡಿಎಪಿ ಮರೆತುಬಿಡಿ, ಇಳುವರಿ ದುಪ್ಪಟ್ಟಾಗುತ್ತದೆ' ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: 'ಗೊಬ್ಬರ ಮಾಡಲು ಸಾಕುವ ಎರೆಹುಳು ವಿದೇಶಿ ತಳಿ, ಅದರ ಗೊಬ್ಬರ ವಿಷ.' ಎರಡನ್ನೂ ಜನ ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತಾರೆ.

ಮನೆಯ ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟವರಿಗೆ ಇಂಥ ಮಾತು ನಂಬಿದರೆ ಹೆಚ್ಚು ನಷ್ಟವಿಲ್ಲ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಒಂದು ಎಕರೆ ಟೊಮೆಟೊ ಇಡುವುದೆಂದರೆ ಸಸಿ, ಡ್ರಿಪ್, ಮಲ್ಚಿಂಗ್ ಶೀಟ್, ಊರುಗೋಲು, ಔಷಧಿ, ಕೂಲಿ ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಎಷ್ಟೋ ಮನೆಗಳಲ್ಲಿ ಅದು ಸಾಲದ ದುಡ್ಡು. ಗೊಬ್ಬರದ ವಿಷಯದಲ್ಲಿ ಒಂದು ತಪ್ಪು ನಿರ್ಧಾರ ಮಾಡಿದರೆ ಆ ಸಾಲ ಮುಂದಿನ ಬೆಳೆಗೂ ಉಳಿಯುತ್ತದೆ. ಹಾಗಾಗಿ ಈ ಮಾತುಗಳನ್ನು ನಾವು ಒಂದೊಂದಾಗಿ ಲೆಕ್ಕಕ್ಕೆ ಹಚ್ಚಿ ನೋಡಿದ್ದೇವೆ.

ಒಂದು ಟನ್ ಗೊಬ್ಬರದಲ್ಲಿ ಎಷ್ಟು ಸಾರವಿದೆ?

ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದಡಿ ಎರೆಹುಳು ಗೊಬ್ಬರಕ್ಕೂ ಗುಣಮಟ್ಟ ನಿಗದಿ ಮಾಡಲಾಗಿದೆ. 2006ರಲ್ಲಿ ಸೇರಿಸಿದ ಮಾನದಂಡದ ಪ್ರಕಾರ ಅದರಲ್ಲಿ ಕನಿಷ್ಠ ಶೇ. 1ರಷ್ಟು ಸಾರಜನಕ, ಶೇ. 0.8ರಷ್ಟು ರಂಜಕ, ಶೇ. 0.8ರಷ್ಟು ಪೊಟ್ಯಾಷ್ ಇರಬೇಕು. ಚೆನ್ನಾಗಿ ತಯಾರಾದ ಗೊಬ್ಬರದಲ್ಲಿ ಸಾರಜನಕ ಶೇ. 1.5ರ ಆಸುಪಾಸಿನಲ್ಲಿರಬಹುದು. ಅಂದರೆ ಒಂದು ಟನ್ ಎರೆಹುಳು ಗೊಬ್ಬರದಲ್ಲಿ 10ರಿಂದ 15 ಕೆ.ಜಿ. ಸಾರಜನಕ. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಶೇ. 46ರ ಲೆಕ್ಕದಲ್ಲಿ 20 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು.

ಈಗ ಬೆಳೆಯ ಕಡೆ ನೋಡೋಣ. ಒಂದು ಟನ್ ಹಣ್ಣು ಕೊಡಲು ಟೊಮೆಟೊ ಗಿಡಗಳು ಸುಮಾರು 2ರಿಂದ 3 ಕೆ.ಜಿ. ಸಾರಜನಕ ಹೀರುತ್ತವೆ. ಎಕರೆಗೆ 20 ಟನ್, ಅಂದರೆ 15 ಕೆ.ಜಿ.ಯ ಸುಮಾರು 1,300 ಬಾಕ್ಸ್ ತೆಗೆಯಬೇಕಾದರೆ 40ರಿಂದ 60 ಕೆ.ಜಿ. ಬೇಕು. ಸ್ವಲ್ಪ ಭಾಗವನ್ನು ಮಣ್ಣೇ ಕೊಡುತ್ತದೆ. ಉಳಿದದ್ದನ್ನು ನಾವು ಕೊಡಬೇಕು. ಎರೆಹುಳು ಗೊಬ್ಬರದ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಒಡೆದು ಕೊಟ್ಟಾಗಲೇ ಬೇರಿಗೆ ಸಿಗುವುದು. ಹಾಕಿದ್ದೆಲ್ಲ ಅದೇ ಬೆಳೆಗೆ ದಕ್ಕುವುದಿಲ್ಲ. ಹಾಗಾಗಿ ಒಂದು ಟನ್ ಹಾಕಿ ಉಳಿದೆಲ್ಲ ನಿಲ್ಲಿಸಿದರೆ ಗಿಡಗಳಿಗೆ ಕಾಯಿ ಕಚ್ಚುವ ಹೊತ್ತಿನಲ್ಲೇ ಹಸಿವು ಶುರುವಾಗುತ್ತದೆ.

ಹಾಗಾದರೆ ಎರೆಹುಳು ಗೊಬ್ಬರ ದಂಡವೇ?

ಖಂಡಿತ ಅಲ್ಲ. ಅದನ್ನು ಯೂರಿಯಾ ಜೊತೆ ತೂಗುವುದೇ ತಪ್ಪು. ಅದರ ಮುಖ್ಯ ಕೆಲಸ ಬೇರೆ.

ಕೋಲಾರ ಜಿಲ್ಲೆಯ ಹೊಲಗಳಲ್ಲಿ ಹೆಚ್ಚಿನವು ಕೆಂಪು ಮಣ್ಣಿನವು. ಇಂಥ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ, ನೀರು ಹಿಡಿದಿಡುವ ಶಕ್ತಿಯೂ ಕಡಿಮೆ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ಭರವಸೆಯಿಲ್ಲ. ಇಂಥ ಕಡೆ ಡ್ರಿಪ್‌ನಿಂದ ಬಿದ್ದ ನೀರು ಬೇರಿನ ಬಳಿಯೇ ಇನ್ನೊಂದಿಷ್ಟು ಹೊತ್ತು ನಿಂತರೆ ಅದೇ ದೊಡ್ಡ ಲಾಭ. ಕೊಟ್ಟಿಗೆ ಗೊಬ್ಬರ, ಎರೆಹುಳು ಗೊಬ್ಬರ, ಹಸಿರೆಲೆ ಗೊಬ್ಬರ ಎಲ್ಲವೂ ಮಾಡುವ ಕೆಲಸ ಇದು. ಮಣ್ಣು ಸಡಿಲವಾಗುತ್ತದೆ, ತೇವ ನಿಲ್ಲುತ್ತದೆ, ಹಾಕಿದ ರಸಗೊಬ್ಬರ ತೊಳೆದುಹೋಗುವುದು ಕಡಿಮೆಯಾಗುತ್ತದೆ.

ಇದಕ್ಕೆ ನಮ್ಮ ಹತ್ತಿರದಲ್ಲೇ ಪುರಾವೆಯಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಇಂಥದೇ ಕೆಂಪು ಮಣ್ಣಿನಲ್ಲಿ, 1978ರಿಂದ ರಾಗಿಯ ಮೇಲೆ ದೀರ್ಘಾವಧಿ ಪ್ರಯೋಗ ನಡೆಯಿತು. ಕೆಲವು ತಾಕುಗಳಿಗೆ ರಸಗೊಬ್ಬರ ಮಾತ್ರ, ಕೆಲವಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ, ಕೆಲವಕ್ಕೆ ಎರಡೂ ಹಾಕಲಾಯಿತು. ಇನ್ನು ಕೆಲವಕ್ಕೆ ಏನೂ ಹಾಕಲಿಲ್ಲ. 2004ರವರೆಗಿನ 27 ವರ್ಷಗಳ ಲೆಕ್ಕ ತೆಗೆದಾಗ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸು ಮಾಡಿದ ರಸಗೊಬ್ಬರವನ್ನೂ ಕೊಟ್ಟ ತಾಕಿನಲ್ಲಿ ಇಳುವರಿ ಎಲ್ಲಕ್ಕಿಂತ ಹೆಚ್ಚಿತ್ತು. ಮಣ್ಣಿನ ಇಂಗಾಲವೂ ಅಲ್ಲೇ ಹೆಚ್ಚು ಉಳಿದಿತ್ತು.

ಅಂದರೆ 'ಎಲ್ಲ ಬಿಟ್ಟು ಸಾವಯವ' ಎಂದೂ ಅಲ್ಲ, 'ಚೀಲದ ಗೊಬ್ಬರ ಇದ್ದರೆ ಸಾಕು' ಎಂದೂ ಅಲ್ಲ. ಎರಡೂ ಸೇರಿದಾಗ ಒಂದು ಇನ್ನೊಂದರ ಕೆಲಸವನ್ನು ಹಗುರ ಮಾಡುತ್ತದೆ. ತಿಪ್ಪೆ ಗೊಬ್ಬರ ಹೊಡೆಸಿ, ಮೇಲೊಂದು ಚೀಲ ಸರ್ಕಾರಿ ಗೊಬ್ಬರ ಹಾಕುತ್ತಿದ್ದ ಹಿರಿಯರ ಪದ್ಧತಿಯೂ ಇದೇ.

'ಇಳುವರಿ ದುಪ್ಪಟ್ಟು' ಎಂಬ ಮಾತು ಎಲ್ಲಿಂದ ಬಂತು?

ಎರೆಹುಳು ಗೊಬ್ಬರದ ಬಗ್ಗೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಳುವರಿ ಸರಾಸರಿ ಶೇ. 26ರಷ್ಟು ಹೆಚ್ಚಿದ್ದು ಕಂಡಿತು. ಇದು ಒಳ್ಳೆಯ ಫಲಿತಾಂಶವೇ. ಆದರೆ ಗಿಡ ಬೆಳೆಯುವ ಮಣ್ಣಿನ ಗಾತ್ರದಲ್ಲಿ ಶೇ. 30ರಿಂದ 50ರಷ್ಟು ಎರೆಹುಳು ಗೊಬ್ಬರವೇ ಇದ್ದಾಗ ಪರಿಣಾಮ ಅತಿ ಹೆಚ್ಚಾಗಿತ್ತು. ಕುಂಡದಲ್ಲಿ ಅಷ್ಟು ಬೆರೆಸಬಹುದು. ಹೊಲದಲ್ಲಿ? ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣೇ ಸುಮಾರು 900 ಟನ್ ತೂಗುತ್ತದೆ. ಅದಕ್ಕೆ ಒಂದು ಟನ್ ಹಾಕಿದರೆ ಸಾವಿರಕ್ಕೆ ಒಂದು ಪಾಲು. ಕುಂಡದ ಫಲಿತಾಂಶವನ್ನು ಎಕರೆಗೆ ಹಚ್ಚಿದರೆ ಮೋಸ ಹೋಗುತ್ತೇವೆ.

ಜೀವಾಮೃತವೊಂದೇ ಸಾಕೇ?

ಜೀವಾಮೃತಕ್ಕೆ 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ಬಳಸುತ್ತಾರೆ. ಇವೆಲ್ಲದರ ಸಾರಜನಕ ಕೂಡಿಸಿದರೆ ಕಾಲು ಕಿಲೋ ಆಗುವುದೂ ಕಷ್ಟ. 'ಅದು ಗೊಬ್ಬರವಲ್ಲ, ಸೂಕ್ಷ್ಮಜೀವಿಗಳ ಹೆಪ್ಪು' ಎಂದು ಅದನ್ನು ಬಳಸುವವರೇ ಹೇಳುತ್ತಾರೆ. ಸರಿ, ಆದರೆ ಹೆಪ್ಪು ಹಾಕಲು ಹಾಲು ಬೇಕಲ್ಲ? ಮಣ್ಣಿನಲ್ಲಿ ಸೊಪ್ಪು, ಕಸಕಡ್ಡಿ, ಗೊಬ್ಬರ ಇದ್ದರೆ ತಾನೇ ಸೂಕ್ಷ್ಮಜೀವಿಗಳಿಗೆ ಕೆಲಸ? ಬರಿದಾದ ಹೊಲಕ್ಕೆ ಜೀವಾಮೃತ ಮಾತ್ರ ಹಾಕಿ 20 ಟನ್ ಟೊಮೆಟೊ ನಿರೀಕ್ಷಿಸುವುದು ಸರಿಯಲ್ಲ.

ವಿದೇಶಿ ಎರೆಹುಳು ವಿಷಕಾರಿಯೇ?

ಗೊಬ್ಬರ ತಯಾರಿಕೆಯಲ್ಲಿ ಹೆಚ್ಚು ಬಳಸುವ ಐಸೀನಿಯಾ ಫೆಟಿಡಾ ಮತ್ತು ಯುಡ್ರಿಲಸ್ ಯುಜೀನಿಯೆ ಹೊರದೇಶದ ತಳಿಗಳೇ. ಅವು ಕೊಳೆತ ಸೊಪ್ಪು, ಸಗಣಿಯಲ್ಲಿ ಬದುಕುವ ಹುಳುಗಳು. ಅವು ವಿಷವನ್ನು ಹುಟ್ಟಿಸುವುದಿಲ್ಲ. ತಿನ್ನಲು ಕೊಟ್ಟ ಕಸದಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಗೊಬ್ಬರದಲ್ಲೂ ಇರುತ್ತದೆ. ಇಲ್ಲದಿದ್ದರೆ ಬರುವುದಿಲ್ಲ. ಹಾಗಾಗಿ ಹುಳು ಎಲ್ಲಿಯದು ಎಂಬುದಕ್ಕಿಂತ ಅದು ತಿಂದದ್ದು ಏನು ಎಂದು ಕೇಳಬೇಕು. ಬೇರ್ಪಡಿಸದ ನಗರದ ಕಸದಿಂದ ಮಾಡಿದ ಗೊಬ್ಬರವಾದರೆ ಪರೀಕ್ಷಾ ವರದಿ ಇಲ್ಲದೆ ಕೊಳ್ಳಬೇಡಿ.

ಇನ್ನೊಂದು ವಿಷಯ: ಈ ಹುಳುಗಳನ್ನು ಹೊಲಕ್ಕೆ ಬಿಟ್ಟರೆ ಅವು ಉಳುಮೆ ಮಾಡುತ್ತವೆ ಎಂಬುದೂ ತಪ್ಪು. ಒಣ ಕೆಂಪು ಮಣ್ಣಿನಲ್ಲಿ ಅವು ಉಳಿಯುವುದಿಲ್ಲ. ಮಣ್ಣು ಕೊರೆಯುವುದು ನಮ್ಮದೇ ನೆಲದ ಎರೆಹುಳುಗಳು. ನೆಲಕ್ಕೆ ಹೊದಿಕೆ, ತೇವ, ಕಸಕಡ್ಡಿ ಇದ್ದರೆ ಅವು ತಾವಾಗಿಯೇ ಮೇಲೆ ಬರುತ್ತವೆ.

ಸಾವಯವವಾದರೆ ಎಷ್ಟು ಹಾಕಿದರೂ ಸರಿಯೇ?

ಇಲ್ಲ. ಹಸಿ ಕೋಳಿ ಗೊಬ್ಬರ ಕಾವು ಮತ್ತು ಅಮೋನಿಯಾದಿಂದ ಸಸಿಯ ಬೇರು ಸುಡುತ್ತದೆ. ಕಳಿಯಲು ಬಿಟ್ಟೇ ಬಳಸಬೇಕು. ಸಾವಯವ ಗೊಬ್ಬರದ ಸಾರಜನಕವೂ ಕೊನೆಗೆ ನೈಟ್ರೇಟ್ ಆಗುತ್ತದೆ. ಗಿಡಕ್ಕೆ ಬೇಕಾದ್ದಕ್ಕಿಂತ ಹೆಚ್ಚಾದರೆ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಬೋರ್‌ವೆಲ್ ನೀರನ್ನೇ ಕುಡಿಯುವ ಊರುಗಳಿಗೆ ಇದು ಸಣ್ಣ ಮಾತಲ್ಲ.

ಕೆರೆ ಗೋಡು ಹೊಡೆಸುವುದು ಒಳ್ಳೆಯ ಪದ್ಧತಿ. ಆದರೆ 2018ರಿಂದ ಜಿಲ್ಲೆಯ ಹಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅಂಥ ಕೆರೆಯ ಗೋಡನ್ನು ಒಮ್ಮೆ ಪರೀಕ್ಷೆ ಮಾಡಿಸಿ ಹೊಡೆಸುವುದು ಜಾಣತನ.

ಒಂದೇ ಸಲಕ್ಕೆ ಎಲ್ಲ ನಿಲ್ಲಿಸಿದರೆ?

ಶ್ರೀಲಂಕಾ 2021ರಲ್ಲಿ ಇಡೀ ದೇಶದಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿತು. ಅಷ್ಟು ಸಾವಯವ ಗೊಬ್ಬರ ಸಿದ್ಧವಿರಲಿಲ್ಲ. ಭತ್ತ, ಚಹಾ ಬೆಳೆ ಕುಸಿಯಿತು. ಅದೇ ವರ್ಷ ನವೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರಿಯಿತು. ಸಾವಯವ ಕೃಷಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಣ್ಣು ಸಿದ್ಧವಾಗುವ ಮೊದಲೇ ಅವಸರ ಮಾಡಿದರೆ ಹೀಗಾಗುತ್ತದೆ ಎಂಬುದಷ್ಟೇ ಪಾಠ.

ಹಾಗಾದರೆ ಏನು ಮಾಡಬಹುದು?

ಕಿಲೋಗೆ 10 ರೂಪಾಯಿ ಎಂದಿಟ್ಟುಕೊಂಡರೂ 4 ಟನ್ ಎರೆಹುಳು ಗೊಬ್ಬರಕ್ಕೆ 40,000 ರೂಪಾಯಿ. ಇಡೀ ಹೊಲಕ್ಕೆ ಕೊಂಡು ಹಾಕುವುದು ಎಲ್ಲರಿಗೂ ಆಗದು. ಹೊಲಕ್ಕೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಇರಲಿ. ಎರೆಹುಳು ಗೊಬ್ಬರವನ್ನು ಕಡಿಮೆ ಹಾಕಿದರೂ ಹೆಚ್ಚು ಫಲ ಕೊಡುವ ಕಡೆ ಬಳಸಿ: ಸಸಿ ಮಡಿಯಲ್ಲಿ, ಟೊಮೆಟೊ ನಾಟಿಯ ಗುಳಿಯಲ್ಲಿ, ಮಾಲೂರಿನ ಕಡೆಯ ಹೂವು, ತರಕಾರಿಯ ಪಾತಿಗಳಲ್ಲಿ. ಶ್ರೀನಿವಾಸಪುರದ ಮಾವಿನ ಮರಗಳಿಗಾದರೆ ಕೊಯ್ಲು ಮುಗಿದ ಮೇಲೆ, ಮಳೆಯ ತೇವ ಇರುವಾಗ ಹಾಕಿ. ಬುಡಕ್ಕೆ ರಾಶಿ ಸುರಿಯಬೇಡಿ. ನೀರು ಹೀರುವ ಸಣ್ಣ ಬೇರುಗಳು ಕೊಂಬೆಗಳ ನೆರಳಿನ ಅಂಚಿನತ್ತ ಇರುತ್ತವೆ.

ಹಸು, ಹಿಪ್ಪುನೇರಳೆ ತೋಟ ಇರುವ ಮನೆಯಲ್ಲಿ ಗೊಬ್ಬರವನ್ನು ಕೊಳ್ಳುವ ಬದಲು ತಯಾರಿಸಬಹುದು. ಸಗಣಿ, ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪು, ಕಡ್ಡಿಯನ್ನು ಮೊದಲು ಎರಡು ಮೂರು ವಾರ ಕೊಳೆಯಲು ಬಿಡಿ. ಬಿಸಿ ಆರಿದ ಮೇಲೆ ನೆರಳಿನ ತೊಟ್ಟಿಯಲ್ಲಿ ಹುಳು ಬಿಡಿ. ಹಿಂಡಿದ ಬಟ್ಟೆಯಷ್ಟು ತೇವ ಇರಲಿ, ನೀರು ನಿಲ್ಲಬಾರದು. ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ರೋಗ ಬಂದು ಸತ್ತ ರೇಷ್ಮೆ ಹುಳು, ಸೊರಗು ರೋಗದ ಟೊಮೆಟೊ ಗಿಡಗಳನ್ನು ಮಾತ್ರ ಇದಕ್ಕೆ ಹಾಕಬೇಡಿ. ಎರೆಹುಳು ತೊಟ್ಟಿ ಬಿಸಿಯಾಗುವುದಿಲ್ಲ, ಹಾಗಾಗಿ ರೋಗಾಣುಗಳು ಉಳಿದುಕೊಳ್ಳಬಹುದು.

ಕೊಳ್ಳುವವರು ಕೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಗೊಬ್ಬರ ಕಪ್ಪು ಕಂದು ಬಣ್ಣದ್ದು, ಹರಳುಹರಳಾಗಿರುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ನಾತ ಬಂದರೆ ಕಳಿತಿಲ್ಲ. ಒಂದು ಹಿಡಿಯನ್ನು ನೀರಿಗೆ ಹಾಕಿದಾಗ ತಳದಲ್ಲಿ ಮರಳು ಗಟ್ಟಿಯಾಗಿ ಕೂತರೆ ಮಣ್ಣು ಬೆರೆಸಿದ್ದಾರೆ ಎಂದು ಅನುಮಾನಿಸಿ. ಅದಕ್ಕೂ ಮೊದಲು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ನಿಮ್ಮ ಹೊಲದಲ್ಲಿ ಏನು ಕಡಿಮೆಯಿದೆ ಎಂಬುದು ಯಾವ ಫಾರ್ವರ್ಡ್‌ಗೂ ಗೊತ್ತಿರುವುದಿಲ್ಲ.

ರಸಗೊಬ್ಬರ ಕಡಿಮೆ ಮಾಡುವ ಆಸೆಯಿದ್ದರೆ ಮೊದಲ ವರ್ಷ ಒಂದು ಮೂಲೆಯ ನಾಲ್ಕು ಸಾಲಿನಲ್ಲಿ ಮಾಡಿ ನೋಡಿ. ಪಕ್ಕದ ಸಾಲುಗಳ ಬಾಕ್ಸ್ ಲೆಕ್ಕದ ಜೊತೆ ಹೋಲಿಸಿ. ಫಲ ಸಿಕ್ಕರೆ ಮುಂದಿನ ವರ್ಷ ಹೆಚ್ಚಿಸಿ. ಗುಂಪಿನಲ್ಲಿ ಹಂಚುವುದಿದ್ದರೆ ಆ ಲೆಕ್ಕವನ್ನೇ ಹಂಚಿ. ಪಕ್ಕದ ಹೊಲದವರಿಗೆ ಅದರಿಂದ ನಿಜವಾದ ಉಪಯೋಗವಾಗುತ್ತದೆ.