ಚಾಡಿಕೋರ ಯಾರು?

ನ್ಯಾಯಬೆಲೆ ಅಂಗಡಿಯ ತೂಕದ ಕಳ್ಳತನವನ್ನು ತಾಲ್ಲೂಕು ಕಚೇರಿಗೆ ಬರೆದು ತಿಳಿಸಿದ ಹುಡುಗನಿಗೆ ಬಸರಾಳಿನಲ್ಲಾಗಲಿ, ಮದ್ದೂರು ಮಳವಳ್ಳಿಯಲ್ಲಾಗಲಿ ಸಿಗುವ ಬಿರುದು ಯಾವುದು? ಚಾಡಿಕೋರ. ಉದ್ಯೋಗ ಖಾತ್ರಿಯಲ್ಲಿ ಸತ್ತವರ ಹೆಸರಿಗೂ ಕೂಲಿ ಬರೆದಿದ್ದಾರೆ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಹೆಣ್ಣುಮಗಳಿಗೆ? ಮನೆಮುರುಕಿ. "ಊರ್ ಮಾನ ಕಳೆದ್ಬುಟ್ಲು ಕಣ್ಲಾ" ಅನ್ನುತ್ತದೆ ಅರಳಿಕಟ್ಟೆ. ಅಕ್ಕಿ ಕದ್ದಾಗ ಹೋಗದ ಮಾನ, ಕದ್ದದ್ದನ್ನು ಹೇಳಿದಾಗ ಹೋಗಿಬಿಡುತ್ತದೆ!

ಗೆಳೆಯರೇ, ಈ ಪದವನ್ನೇ ಸ್ವಲ್ಪ ಬಿಡಿಸಿ ನೋಡಿ. ಚಾಡಿ ಎಂದರೆ ಬೆನ್ನ ಹಿಂದಿನ ಮಾತು. ಮರಾಠಿಯಲ್ಲಿ ಇದೇ ಚಹಾಡಿ. ಕೋರ ಬಂದದ್ದು ಪಾರಸಿಯಿಂದ. ಅಲ್ಲಿ ಖೋರ್ ಎಂದರೆ ತಿನ್ನುವವನು. ಲಂಚ ತಿಂದವನು ಲಂಚಕೋರ, ಸರಿ. ಅದನ್ನು ಬಯಲಿಗೆಳೆದವನು ತಿಂದದ್ದೇನು? ಏಟು ತಿಂದಿರಬಹುದು, ಬೈಗುಳ ತಿಂದಿರಬಹುದು. ಆದರೂ ಇಬ್ಬರಿಗೂ ಒಂದೇ ಬಾಲ. ಕೇರಿಯಲ್ಲಿ ಸಂಘ ಕಟ್ಟುತ್ತಿರುವವರು ಯಾರು ಅಂತ ಕತ್ತಲಲ್ಲಿ ಒಡೆಯನ ಜಗುಲಿಗೆ ಹೋಗಿ ಕಿವಿಯೂದುವವನೇ ನಿಜವಾದ ಚಾಡಿಕೋರ. ಅವನನ್ನು ಮಾತ್ರ ದೊಡ್ಡಮನೆ ಹಾಗೆ ಕರೆಯುವುದಿಲ್ಲ. ನಂಬಿಕಸ್ಥ ಅನ್ನುತ್ತದೆ!

ಅಮೆರಿಕದಲ್ಲೂ ಇಂಥವರಿಗೆ ಬೈಗುಳಗಳೇ ಇದ್ದವು. 1970ರ ದಶಕದ ಆರಂಭದಲ್ಲಿ ರಾಲ್ಫ್ ನೇಡರ್ ಎಂಬ ವಕೀಲ, ಕಂಪನಿಗಳ ಮತ್ತು ಸರ್ಕಾರದ ಒಳಗಿದ್ದೇ ಮೋಸ ಬಯಲು ಮಾಡುವವರಿಗೆ 'ವಿಸಲ್ ಬ್ಲೋವರ್' ಎಂಬ ಮಾತನ್ನು ಗೌರವದ ಅರ್ಥದಲ್ಲಿ ರೂಢಿಗೆ ತಂದ. ಸೀಟಿ ಊದಿ ಜನರನ್ನು ಎಚ್ಚರಿಸುವವರು ಎಂದು ಅದರ ಅರ್ಥ. ಪದ ಬದಲಾಯಿಸುವುದೂ ಹೋರಾಟವೇ.

ನಮ್ಮಲ್ಲಿ ಹಾಗೆ ಸೀಟಿ ಊದಿದವರ ಗತಿ ಏನಾಯಿತು? ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ, ತನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಆ ಹೆಸರು ಕಡತದ ಜೊತೆ ಕಚೇರಿಯಿಂದ ಕಚೇರಿಗೆ ಸುತ್ತಿತು. 2003ರ ನವೆಂಬರ್ 27ರಂದು ಅವರು ಗಯಾದಲ್ಲಿ ಗುಂಡಿಗೆ ಬಲಿಯಾದರು. ನಮ್ಮ ಕೋಲಾರದ ಚಿನ್ನದ ಗಣಿ ಊರಲ್ಲಿ ಬೆಳೆದ ಷಣ್ಮುಗಂ ಮಂಜುನಾಥ್, ಕಲಬೆರಕೆ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ ತಪ್ಪಿಗೆ 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. 2014ರಲ್ಲಿ ಸಂಸತ್ತು ಇಂಥವರ ರಕ್ಷಣೆಗೆ ಕಾಯ್ದೆ ಮಾಡಿತು, ರಾಷ್ಟ್ರಪತಿಯ ಅಂಕಿತವೂ ಬಿತ್ತು. ಹತ್ತು ವರ್ಷ ಕಳೆದರೂ ಅದು ಜಾರಿಗೆ ಬರಲಿಲ್ಲ. ಗುಟ್ಟಿಟ್ಟುಕೊಂಡವರೇ ಗುಟ್ಟು ಹೊರಹಾಕುವವರನ್ನು ಕಾಯುತ್ತಾರೆಯೇ?

"ಸಂಸಾರ ಗುಟ್ಟು, ವ್ಯಾಧಿ ರಟ್ಟು" ಅಂತ ನಮ್ಮಜ್ಜಿಯರು ಹೇಳಿದರು. ರೋಗ ಮುಚ್ಚಿಟ್ಟರೆ ಸಾಯ್ತೀರಿ ಅಂತ ಅದರ ಅರ್ಥ. ನಾವು ಮಾಡಿದ್ದೇನು? ವ್ಯಾಧಿಯನ್ನೇ ಸಂಸಾರ ಅಂದುಕೊಂಡೆವು. ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದದ್ದು 2023ರಲ್ಲಿ ಬಯಲಾಯಿತು. ಬಯಲು ಮಾಡಿದವರು ಬೆಂಗಳೂರಿನ ಪೊಲೀಸರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಕೂಸಿನ ತೀರ್ಪು ಆಗುತ್ತಿದ್ದಾಗ ಗೊತ್ತಿದ್ದವರು ಬಾಯಿಬಿಡಲಿಲ್ಲ. ಚಾಡಿಕೋರ ಅನ್ನಿಸಿಕೊಳ್ಳುವ ಭಯ ಎಷ್ಟು ಬಾಯಿಗಳನ್ನು ಹೊಲಿದಿತ್ತು?

ಇನ್ನು ಮೇಲೆ ಸತ್ಯ ಹೇಳಿದವರನ್ನು ಏನೆಂದು ಕರೆಯೋಣ? ಇಂಗ್ಲಿಷಿನ ಸೀಟಿ ಬೇಡ. ನಮ್ಮ ತಾತ ಮುತ್ತಾತಂದಿರು ತಮಟೆ ಹೊಡೆದು ಊರಿಗೆ ಸುದ್ದಿ ಸಾರಿದವರು. ಕಂದಾಯ ಕಟ್ಟಿ ಎಂದು ಸಾರಿದರು, ಹಬ್ಬ ಬಂತು ಎಂದು ಸಾರಿದರು. ತಮಟೆ ನಮ್ಮದು, ಸುದ್ದಿ ಮಾತ್ರ ಒಡೆಯರದು. ಈಗ ಸುದ್ದಿಯೂ ನಮ್ಮದಾಗಲಿ. ಅವರನ್ನು ಸಾರುವವರು ಎಂದು ಕರೆಯೋಣ. ಹೆಸರು ಮರೆಸಿ ಪತ್ರ ಬರೆದವರೂ ಸಾರುವವರೇ; ಅವರ ಹೆಸರು ಕಾಯುವುದು ನಮ್ಮ ಸಂಘಗಳ ಕೆಲಸ. ಚಾಡಿ ಒಡೆಯನ ಕಿವಿಗೆ ಹೋಗುತ್ತದೆ, ಸಾರಿದ್ದು ಎಲ್ಲರ ಕಿವಿಗೂ ಬೀಳುತ್ತದೆ.

ಮೇಷ್ಟ್ರೇ, ನಾಳೆ ತರಗತಿಯಲ್ಲಿ ಮಗುವೊಂದು ಎದ್ದುನಿಂತು "ಬಿಸಿಯೂಟದಲ್ಲಿ ನಮ್ಮನ್ನ ಬೇರೆ ಕೂರಿಸ್ತಾರೆ ಸಾ" ಅಂದರೆ, "ಚಾಡಿ ಹೇಳ್ಬೇಡ, ಕೂತ್ಕೋ" ಅನ್ನಬೇಡಿ.