ಹೋಗುವವರ ಮಾತು

ಸಾವನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ. ತೀರಿಕೊಂಡರು, ಹೋಗಿಬಿಟ್ಟರು, ಶಿವಾಧೀನರಾದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು. ಮನೆಮನೆಯ ಆಚಾರಕ್ಕೆ ತಕ್ಕ ಮಾತು ಸಿದ್ಧವಾಗಿದೆ. ಆದರೆ ಇವೆಲ್ಲವೂ ಹೋದವರನ್ನು ಕುರಿತವು. ಇನ್ನೂ ಹೋಗದೆ, ಹೋಗುವ ದಾರಿಯಲ್ಲಿ, ನಮ್ಮ ಪಡಸಾಲೆಯ ಮಂಚದ ಮೇಲೆ ಮಲಗಿರುವವರೊಡನೆ ಆಡಬೇಕಾದ ಮಾತು ಯಾವುದು? ಅಲ್ಲಿ ನಾವು ಮೂಗರಾಗುತ್ತೇವೆ.

ಕೊಳ್ಳೇಗಾಲದಿಂದ ಹನೂರಿಗೆ, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಕಾಮಗೆರೆಯಿದೆ. ಅಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆಗೆ ಸುತ್ತಣ ಹಳ್ಳಿಗಳ ಜನ ಬರುತ್ತಾರೆ. ರೋಗ ದೊಡ್ಡದೆಂದು ಕಂಡರೆ ಮುಂದಿನ ದಾರಿ ಮೈಸೂರು, ಇಲ್ಲವೆ ಬೆಂಗಳೂರು. ದೊಡ್ಡ ಊರುಗಳಿಂದ "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂಬ ಒಂದು ಮಾತನ್ನು ಹೊತ್ತು ಹಿಂದಿರುಗಿದ ಸಂಸಾರಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆ ಮಾತು ಮಗನಿಗೆ ಗೊತ್ತು, ಅಳಿಯನಿಗೆ ಗೊತ್ತು, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದವರಿಗೂ ಗೊತ್ತು. ರೋಗಿಗೆ ಮಾತ್ರ ಅದು 'ಗ್ಯಾಸ್ಟ್ರಿಕ್ಕು'. ನೋಡಲು ಬಂದವರು ಎಳನೀರನ್ನು ಕೆಳಗಿಟ್ಟು, "ಏನೂ ಆಗಿಲ್ಲ, ದೀಪಾವಳಿ ಜಾತ್ರೆಗೆ ಬೆಟ್ಟಕ್ಕೆ ಹೋಗಿಬರೋಣ" ಎನ್ನುತ್ತಾರೆ; ಹೊರಗೆ ಜಗಲಿಗೆ ಬಂದು "ಎಷ್ಟು ದಿನ ಅಂದರಂತೆ?" ಎಂದು ಪಿಸುಗುಡುತ್ತಾರೆ. ಜಗಲಿಗೂ ಮಂಚಕ್ಕೂ ನಡುವೆ ಇರುವುದು ಒಂದೇ ಗೋಡೆ.

ನಾನು ಬಲ್ಲ ಒಬ್ಬ ಹಿರಿಯರ ವಿಷಯದಲ್ಲಿ ಹೀಗೆಯೇ ಆಯಿತು. ರೇಷ್ಮೆ ಬೆಳೆದು ಬದುಕಿದವರು. ಮಕ್ಕಳು ಆರು ತಿಂಗಳು ಎಚ್ಚರದಿಂದ ಗುಟ್ಟನ್ನು ಕಾಪಾಡಿದರು. ಅವರು ಹೋದ ಮೇಲೆ, ಗಾಯ ಕಟ್ಟಲು ಬರುತ್ತಿದ್ದ ದಾದಿ ಹೇಳಿದಾಗ ಮನೆಯವರಿಗೆ ತಿಳಿಯಿತು: ಮುದುಕರಿಗೆ ಎಲ್ಲವೂ ಮೊದಲಿನಿಂದಲೇ ಗೊತ್ತಿತ್ತು; "ಹುಡುಗರಿಗೆ ತಿಳಿಯದಿರಲಿ, ಹೆದರಿಕೊಂಡಾರು" ಎಂದು ಅವರೂ ನಟಿಸುತ್ತಿದ್ದರು. ಒಂದೇ ಸೂರಿನ ಕೆಳಗೆ ಇಬ್ಬರೂ ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಒಂಟಿ ಮಾಡಿದ್ದರು. ಹೊಲದ ಹೊಂಗೆಮರದ ಬುಡದಲ್ಲಿ ತಮ್ಮನ್ನು ಮಣ್ಣು ಮಾಡಬೇಕೆಂಬ ಆಸೆಯನ್ನು ಅವರು ದಾದಿಗೆ ಹೇಳಿದ್ದರು. ಅದು ಮಕ್ಕಳ ಕಿವಿಗೆ ಬಿದ್ದದ್ದು ಹನ್ನೊಂದನೆಯ ದಿನ.

ಮಾತನಾಡುವ ಅವಕಾಶವೇ ಇಲ್ಲದೆ ಹೋದವರನ್ನೂ ನಮ್ಮ ಜಿಲ್ಲೆ ಕಂಡಿದೆ. 2021ರ ಮೇ 2 ಮತ್ತು 3ರ ನಡುವೆ, ಆಮ್ಲಜನಕದ ಅಭಾವದ ಆ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಕೊನೆಯ ಮಾತನ್ನು ಕೇಳಲಾಗಲಿಲ್ಲವಲ್ಲ ಎಂಬ ಆ ಮನೆಗಳ ಅಳಲನ್ನು ನೆನೆದಾಗ, ಆರು ತಿಂಗಳ ಬಿಡುವು ದೊರೆತೂ ನಾವು ಅದನ್ನು ಎಳನೀರಿನಲ್ಲಿ ಕಳೆಯುವುದು ಎಂಥ ದುಂದು ಎನಿಸುತ್ತದೆ.

ಸಾವಿನ ಮಾತು ಅಶುಭ, ಅದು ನಮ್ಮ ಸಂಸ್ಕೃತಿಗೆ ಒಗ್ಗದು ಎನ್ನುವವರಿದ್ದಾರೆ. ಸಾಹಿತ್ಯದ ಉಪಾಧ್ಯಾಯರಾದರೂ ಈ ಮಾತನ್ನು ಆಡಬಾರದು. ಕನ್ನಡದ ಮೊದಮೊದಲ ಗದ್ಯಗ್ರಂಥವೆಂದು ನಾವು ತರಗತಿಯಲ್ಲಿ ಹೇಳಿಕೊಡುವ 'ವಡ್ಡಾರಾಧನೆ'ಯ 19 ಕಥೆಗಳ ಗುರಿ ಏನು? ದೇಹವನ್ನು ಬಿಡುವ ಬಗೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಕೊರೆದಿರುವ ನಿಸಿದಿ ಶಾಸನಗಳೂ ಇಂಥವರು ಹೀಗೆ ಮುಡಿಪಿದರೆಂಬ ಸುದ್ದಿಯೇ. ಆ ವ್ರತವನ್ನು ಎತ್ತಿಹಿಡಿಯುವುದು ನನ್ನ ಉದ್ದೇಶವಲ್ಲ. ಹೋಗುವವನು ತನ್ನ ಹೋಗುವಿಕೆಯನ್ನು ಹತ್ತು ಜನರ ಮುಂದೆ ಹೇಳುತ್ತಿದ್ದ, ಅವರು ಕುಳಿತು ಕೇಳುತ್ತಿದ್ದರು ಎಂಬುದಷ್ಟೇ ಇಲ್ಲಿ ಮುಖ್ಯ. ಶರಣರು ಮರಣವನ್ನು ಹಬ್ಬವೆಂದರು. ದೂರವೇಕೆ, ನಮ್ಮ ಸೀಮೆಯ ಚಿಕ್ಕಲ್ಲೂರಿನಲ್ಲಿ ಜನ ಹಣೆ ಮುಟ್ಟಿಸುವುದು ಸಿದ್ದಪ್ಪಾಜಿ ಐಕ್ಯರಾದ ಗದ್ದುಗೆಗೆ. ನೀಲಗಾರರು ರಾತ್ರಿಯಿಡೀ ತಂಬೂರಿ ಮೀಟಿ ಆ ಕಥೆಯನ್ನು ಹಾಡಿದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೇಳುವ ಜನಕ್ಕೆ, ಸಾವಿನ ಮಾತು ಅಶುಭವಾದದ್ದು ಯಾವಾಗಿನಿಂದ? ಸಾವು ಮನೆಯಿಂದ ಆಸ್ಪತ್ರೆಗೆ ಹೋದಂದಿನಿಂದ ಎಂದು ನನ್ನ ಊಹೆ.

ಮರೆಮಾಚುವುದರ ಹಿಂದೆ ಕರುಣೆಯಿದೆ, ಒಪ್ಪೋಣ. ನಿಜ ತಿಳಿದರೆ ಧೈರ್ಯಗೆಡುತ್ತಾರೆ ಎಂಬ ಭಯ ಸುಳ್ಳೂ ಅಲ್ಲ. ಹಾಗೆಂದು ತೀರ್ಪು ಓದಿದಂತೆ ಹೇಳಿಬಿಡಬೇಕೆಂದು ಯಾರು ಹೇಳಿದರು? ಮೊದಲು ಕೇಳಬಹುದಲ್ಲ: ನಿಮಗೆ ಏನೆಂದು ತೋರುತ್ತಿದೆ, ಎಷ್ಟು ತಿಳಿಯಬೇಕೆಂದಿದ್ದೀರಿ, ಯಾರನ್ನಾದರೂ ನೋಡಬೇಕೆ? ಏನೂ ತಿಳಿಯುವುದು ಬೇಡ ಎನ್ನುವವರೂ ಇರುತ್ತಾರೆ. ಆ ಹಕ್ಕು ಅವರದು. ಅದು ಗೊತ್ತಾಗುವುದೂ ಕೇಳಿದಾಗಲೇ.

ಕೇಳದೆ ಬಿಟ್ಟರೆ ಏನಾಗಬಹುದೆಂಬುದನ್ನು ಕನ್ನಡನಾಡಿನ ಒಬ್ಬ ಮಗಳ ಬಾಳು ತೋರಿಸಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಹಲ್ಲೆಯಿಂದ ಎಚ್ಚರ ಕಳೆದುಕೊಂಡು, ಅದೇ ಆಸ್ಪತ್ರೆಯಲ್ಲಿ 2015ರ ಮೇ 18ರವರೆಗೆ ಮಲಗಿದ್ದರು. ಆಕೆಯನ್ನು ಬಿಟ್ಟುಕೊಡಬೇಕೆಂಬ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆಕೆಯ ಪರವಾಗಿ ನುಡಿಯುವ ಅಧಿಕಾರ ಅಷ್ಟು ವರ್ಷ ಆಕೆಯನ್ನು ತೊಳೆದು ಉಣಿಸಿದ ದಾದಿಯರ ಬಳಗದ್ದೆಂದಿತು. ಹಲ್ಲೆಯಾದಾಗ ಆಕೆ ಹರೆಯದ ಹುಡುಗಿ. ತನಗೇನು ಬೇಕೆಂದು ಯಾರಿಗೆ ಹೇಳಿರಬಲ್ಲಳು? ಆ ತೀರ್ಪಿನಿಂದ ಹೊರಟ ದಾರಿ 2018ರ ಮಾರ್ಚ್ 9ರ ತೀರ್ಪಿಗೆ ಬಂದು ಮುಟ್ಟಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ತನ್ನನ್ನು ಯಂತ್ರಗಳ ಮೇಲೆ ಇರಿಸಬಾರದೆಂದು ವಯಸ್ಕರು ಮುಂಚಿತವಾಗಿಯೇ ಬರೆದಿಡಬಹುದೆಂದು ಆ ತೀರ್ಪು ಒಪ್ಪಿತು. ಇದು ಸಾವನ್ನು ತಂದುಕೊಡುವುದಲ್ಲ, ವ್ಯರ್ಥ ಚಿಕಿತ್ಸೆಯನ್ನು ನಿಲ್ಲಿಸುವುದು. ಅದಕ್ಕೂ ಎರಡು ವೈದ್ಯಮಂಡಲಿಗಳು ಪರಿಶೀಲಿಸಬೇಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಯಂತ್ರದ ಪ್ರಶ್ನೆ ಕೆಲವರದು, ನೋವಿನ ಪ್ರಶ್ನೆ ಬಹಳ ಜನರದು. ಅರ್ಬುದದ ಕಡೆಯ ದಿನಗಳ ನೋವಿಗೆ ಮಾರ್ಫಿನ್ ಇದೆ. 1985ರ ಮಾದಕವಸ್ತು ಕಾಯಿದೆಯ ಬಿಗಿಯನ್ನು 2014ರಲ್ಲಿ ಸಡಿಲಿಸಿದ್ದು ಅದಕ್ಕಾಗಿಯೇ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಗುಂಡ್ಲುಪೇಟೆ ದಾಟಿದರೆ ಸಿಕ್ಕುವ ಕೇರಳದಲ್ಲಿ, ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಕೆಲಸವನ್ನು ಊರೂರಿಗೆ ಮುಟ್ಟಿಸಿದವರು ನೆರೆಹೊರೆಯ ಸಾಮಾನ್ಯ ಜನ. ಅವರು ಕಲಿತ ಮೊದಲ ವಿದ್ಯೆ ರೋಗಿಯ ಪಕ್ಕದಲ್ಲಿ ಕುಳಿತು ಕೇಳುವುದು. ನೋವಿದೆಯೆಂದು ಹೇಳಲು ಬಿಡದ ಮನೆಗೆ ಯಾವ ಔಷಧ ಬಂದೀತು?

ಉಪಾಧ್ಯಾಯ ಮಿತ್ರರಿಗೆ ಒಂದು ವಿಷಯ ಹೇಳಬೇಕು. ಮೇಲೆ ಹೇಳಿದ ಇಚ್ಛಾಪತ್ರಕ್ಕೆ 2018ರಲ್ಲಿ ಮ್ಯಾಜಿಸ್ಟ್ರೇಟರ ರುಜು ಬೇಕಾಗಿತ್ತು. 2023ರ ಜನವರಿ 24ರಂದು ಕೋರ್ಟು ಅದನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿಯ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಸಾಕೆಂದಿತು. ನಮ್ಮ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಪತ್ರಾಂಕಿತ ಅಧಿಕಾರಿಗಳು. ಅಂಕಪಟ್ಟಿಯ ನಕಲಿಗೆ ರುಜು ಬೇಡಿ ಅವರ ಬಾಗಿಲಲ್ಲಿ ನಿಲ್ಲದ ಹುಡುಗರಿಲ್ಲ. ನಾಳೆ ಕಾಮಗೆರೆಯ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಬಂದು ಇಂಥದೊಂದು ಕಾಗದವನ್ನು ಮೇಜಿನ ಮೇಲೆ ಇಡಬಹುದು. ಆಗ ಅವರು ಗಾಬರಿಗೊಳ್ಳದೆ ಕುರ್ಚಿ ತೋರಿಸಿ, ಕಾಗದವನ್ನು ಗಟ್ಟಿಯಾಗಿ ಪೂರ್ತಿ ಓದಿ, ಮೊಮ್ಮಗನನ್ನು ಬಿಟ್ಟು ಆಕೆಯನ್ನೇ ಕೇಳಲಿ: "ಇದು ನಿಮ್ಮ ಮಾತೇ ಏನಮ್ಮ?"