ಹಿಮದ ಮೇಲೆ ಮುನ್ನೂರು ಕುದುರೆ

ಓದು ಮುಗಿಸಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕೆಲಸಕ್ಕೆ ಸೇರಿದ ಮಗ ಒಂದು ಭಾನುವಾರ ಊರಿಗೆ ಫೋನ್ ಮಾಡಿ, ‘ಅಪ್ಪಾ, ಒಂದು ಸ್ಪೋರ್ಟ್ಸ್ ಕಾರು ನೋಡಿದ್ದೇನೆ, ಮುನ್ನೂರು ಅಶ್ವಶಕ್ತಿ!’ ಎನ್ನುತ್ತಾನೆಂದು ಇಟ್ಟುಕೊಳ್ಳಿ. ತಂದೆ ಮೊದಲು ಕೇಳುವುದು ಬೆಲೆಯನ್ನು. ತಾಯಿ ಕೇಳುವುದು, ‘ಅಲ್ಲಿ ಹಿಮ ಬೀಳುತ್ತದಂತಲ್ಲ, ಜಾರುವುದಿಲ್ಲವೇನೋ?’ ಎಂದು. ಮಗ ನಕ್ಕುಬಿಡಬಹುದು. ಆದರೆ ಭೌತವಿಜ್ಞಾನದ ಪ್ರಶ್ನೆ ಕೇಳಿದ್ದು ತಾಯಿಯೇ.

ಆ ಊರಿನಲ್ಲಿ ವರ್ಷಕ್ಕೆ ಸರಾಸರಿ 130 ಸೆಂಟಿಮೀಟರಿನಷ್ಟು ಹಿಮ ಬೀಳುತ್ತದೆ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಎಂಟೊಂಬತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಕಾರು ಸಾಕಲಾರದವನು ವರ್ಷವಿಡೀ ಒಂದರಲ್ಲೇ ಓಡಾಡಬೇಕು. ಅಂಥವನು ಸ್ಪೋರ್ಟ್ಸ್ ಕಾರು ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಅವನು ನೋಡಬೇಕಾದ್ದು ಮುನ್ನೂರು ಎಂಬ ಅಂಕಿಯನ್ನಲ್ಲ.

ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಜಾರುವುದೆಂದರೇನೆಂದು ಹೇಳಿಕೊಡಬೇಕಿಲ್ಲ. ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ, ಅದರ ಮೇಲೆ ಹೆಬ್ಬೆರಳೂರಿ ನಡೆಯುವವರು ಅವರು. ಪೈಲ್ವಾನನಾದರೂ ಪಾಚಿಯ ಮೇಲೆ ಓಡಲಾರ, ಏಕೆಂದರೆ ಓಡಿಸುವುದು ಕಾಲಿನ ಬಲವಲ್ಲ, ನೆಲ ಹಿಂದಿರುಗಿಸುವ ಘರ್ಷಣೆ. ಕಾರಿಗೂ ಇದೇ ನಿಯಮ. ಟೈರು ಮತ್ತು ಒಣ ಡಾಂಬರು ರಸ್ತೆಯ ನಡುವಿನ ಘರ್ಷಣಾ ಗುಣಾಂಕ ಸುಮಾರು 0.8. ವಾಹನಗಳು ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.25ರ ಆಸುಪಾಸಿಗೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ 0.1, ಕೆಲವೊಮ್ಮೆ ಇನ್ನೂ ಕಡಿಮೆ. ಕೊರೆಯುವ ಚಳಿಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆ ಹೆಚ್ಚು ಅಪಾಯಕಾರಿ. ಮೇಲೊಂದು ತೆಳುವಾದ ನೀರಿನ ಪದರ ಇರುವುದೇ ಅದಕ್ಕೆ ಕಾರಣ.

ಈಗ ಮುನ್ನೂರು ಕುದುರೆಗಳ ಲೆಕ್ಕಕ್ಕೆ ಬರೋಣ. ಕಾರಿನ ತೂಕ 1,300 ಕಿಲೋಗ್ರಾಂ ಇರಲಿ. ಹಿಮದ ಮೇಲೆ ನಾಲ್ಕೂ ಚಕ್ರಗಳು ಸೇರಿ ಕೊಡಬಹುದಾದ ಗರಿಷ್ಠ ತಳ್ಳುಬಲ 0.25 x 1,300 x 9.8, ಅಂದರೆ ಸುಮಾರು 3,185 ನ್ಯೂಟನ್. ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಈ ಬಲಕ್ಕೆ ಬೇಕಾಗುವ ಸಾಮರ್ಥ್ಯ ಸುಮಾರು 32 ಕಿಲೋವಾಟ್. ಅಶ್ವಶಕ್ತಿಯಲ್ಲಿ ಹೇಳುವುದಾದರೆ 43. ಎಂಜಿನ್ ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುವ ಕಾರಾದರೆ ಹೆಚ್ಚು ಕಡಿಮೆ ಇದರ ಅರ್ಧ. ಉಳಿದ ಕುದುರೆಗಳೆಲ್ಲ ಲಾಯದಲ್ಲೇ ನಿಂತಿರುತ್ತವೆ. ಬಲವಂತವಾಗಿ ಹೊರಡಿಸಿದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತದೆ, ಅಷ್ಟೆ.

ಹಾಗಾದರೆ ಯಾವ ಚಕ್ರಗಳು ತಿರುಗಬೇಕು, ಅವುಗಳ ಮೇಲೆ ಎಷ್ಟು ಭಾರ ಇರಬೇಕು ಎನ್ನುವುದೇ ಮುಖ್ಯ. ಎತ್ತಿನ ಗಾಡಿಗೆ ಮೂಟೆ ಹೇರುವಾಗ ಹಿಂದೆ ಮುಂದೆ ನೋಡಿ ಸಮ ಮಾಡುವ ರೈತನಿಗೆ ಇದರ ಮರ್ಮ ಗೊತ್ತು. ಚಳಿಗಾಲದಲ್ಲಿ ನಡೆಯುವ ಮಾಂಟೆ ಕಾರ್ಲೋ ರ್‍ಯಾಲಿಯನ್ನು 1964ರಲ್ಲಿ ಗೆದ್ದದ್ದು ಪ್ಯಾಡಿ ಹಾಪ್‌ಕಿರ್ಕ್ ಓಡಿಸಿದ ಪುಟ್ಟ ಮಿನಿ ಕೂಪರ್ ಎಸ್. ಎರಡನೆಯ ಸ್ಥಾನ ಅದರ ನಾಲ್ಕು ಪಟ್ಟಿಗೂ ದೊಡ್ಡ ಎಂಜಿನ್ನಿನ ಫೋರ್ಡ್ ಫಾಲ್ಕನ್‌ಗೆ. ಆ ವರ್ಷದ ಅಂಕ ಪದ್ಧತಿಯಲ್ಲಿ ಸಣ್ಣ ಕಾರಿಗೆ ಅನುಕೂಲವಿತ್ತು ಎಂಬುದು ನಿಜ. ಆದರೆ 1965ರಲ್ಲಿ ಭಾರೀ ಹಿಮಪಾತದ ನಡುವೆ ಟಿಮೊ ಮ್ಯಾಕಿನೆನ್ ಅದೇ ಮಿನಿಯಲ್ಲಿ ಗೆದ್ದಾಗ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಮಿನಿಯ ಗುಟ್ಟೆಂದರೆ, ಎಂಜಿನ್ನಿನ ಭಾರ ಬೀಳುವುದೂ ಮುಂದಿನ ಚಕ್ರಗಳ ಮೇಲೆ, ಕಾರನ್ನು ಎಳೆಯುವುದೂ ಅವೇ.

ಪೋರ್ಷೆ 911 ಇದಕ್ಕೆ ತದ್ವಿರುದ್ಧ. ಅದರ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದಿದೆ, ನೂಕುವುದೂ ಹಿಂದಿನ ಚಕ್ರಗಳೇ. 1968, 1969, 1970, ಸತತ ಮೂರು ವರ್ಷ ಅದು ಮಾಂಟೆ ಕಾರ್ಲೋ ಗೆದ್ದಿತು. ಆದರೆ ತಿರುವಿನಲ್ಲಿ ಚಾಲಕ ಗಾಬರಿಯಾಗಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಭಾರವಾದ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ನೋಡುತ್ತದೆ. ನುರಿತವರ ಕೈಯಲ್ಲಿ ಅದು ಚಂದ. ಇಪ್ಪತ್ತನಾಲ್ಕರ ಹರೆಯದವನ ಮೊದಲ ಚಳಿಗಾಲಕ್ಕೆ ಅದು ಬೇಡ.

ಇನ್ನು ನಾಲ್ಕು ಚಕ್ರಗಳ ಚಾಲನೆ. 1966ರಲ್ಲೇ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಎಂಬ ಕಾರಿನಲ್ಲಿ ಇದಿತ್ತು. ತಯಾರಾದದ್ದು ಮುನ್ನೂರಿಪ್ಪತ್ತೇ ಕಾರುಗಳು. ಜಗತ್ತಿನ ಕಣ್ಣು ತೆರೆಸಿದ್ದು ಜರ್ಮನಿಯ ಆಡಿ. 1977ರ ಚಳಿಗಾಲದಲ್ಲಿ ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಸುತ್ತಿದ್ದ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್, 75 ಅಶ್ವಶಕ್ತಿಯ ‘ಇಲ್ಟಿಸ್’ ಎಂಬ ಸೈನ್ಯದ ಜೀಪು ತಮ್ಮ ಹೆಚ್ಚು ಶಕ್ತಿಯ ಕಾರುಗಳನ್ನೆಲ್ಲ ಹಿಂದೆ ಹಾಕುವುದನ್ನು ಕಂಡರು. ಮರುವರ್ಷ ಜನವರಿಯಲ್ಲಿ ಅವರ ಪ್ರಾಯೋಗಿಕ ಕಾರು ಆಸ್ಟ್ರಿಯಾದ ಟುರಾಖರ್ ಹ್ಯೋಹೆ ಎಂಬ ಕಡಿದಾದ ಕಣಿವೆ ರಸ್ತೆಯನ್ನು ಹಿಮದಲ್ಲಿ, ಬೇಸಿಗೆ ಟೈರಿನಲ್ಲೇ, ಸರಪಳಿಯಿಲ್ಲದೆ ಏರಿತು. 1980ರ ಜಿನೀವಾ ಪ್ರದರ್ಶನದಲ್ಲಿ ‘ಕ್ವಾಟ್ರೊ’ ಹೊರಬಂತು. 1981ರಲ್ಲಿ ಅದನ್ನೇ ಓಡಿಸಿ ಇಟಲಿಯ ಸ್ಯಾನ್ ರೆಮೊ ರ್‍ಯಾಲಿಯನ್ನು ಗೆದ್ದ ಫ್ರಾನ್ಸಿನ ಮಿಶೆಲ್ ಮೂಟೋನ್, ವಿಶ್ವ ಚಾಂಪಿಯನ್‌ಷಿಪ್ ರ್‍ಯಾಲಿ ಗೆದ್ದ ಮೊದಲ ಮಹಿಳೆ. ಕಾರು ಹುಡುಗರ ವಿಷಯ ಎಂದುಕೊಂಡು ಈ ಪುಟ ಮಗುಚಲು ಹೊರಟ ಹುಡುಗಿಯರು ಇದನ್ನು ಗಮನಿಸಬೇಕು.

ಬೇಸಿಗೆ ಟೈರಿನಲ್ಲಿ ಬೆಟ್ಟ ಏರಿದ್ದು ಸರಿ. ಇಳಿಯುವಾಗ? ಜಾಹೀರಾತುಗಳು ಹೇಳದ ಸಂಗತಿ ಇರುವುದು ಇಲ್ಲೇ. ಬ್ರೇಕ್ ಹಾಕುವಾಗ ಎಲ್ಲ ಕಾರುಗಳೂ ನಾಲ್ಕು ಚಕ್ರಗಳಿಂದಲೇ ನಿಲ್ಲುತ್ತವೆ. ಎಂಜಿನ್ ಎಷ್ಟು ಚಕ್ರಗಳನ್ನು ತಿರುಗಿಸುತ್ತದೆ ಎನ್ನುವುದಕ್ಕೂ ನಿಲ್ಲುವುದಕ್ಕೂ ಸಂಬಂಧವಿಲ್ಲ. ವೇಗದ ವರ್ಗವನ್ನು ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ ಸಿಗುತ್ತದೆ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಒಣ ರಸ್ತೆಯಲ್ಲಿ ಕಾರು ನಿಲ್ಲಲು ಹನ್ನೆರಡೂವರೆ ಮೀಟರ್ ಬೇಕು, ಹಿಮದಲ್ಲಿ 40 ಮೀಟರ್, ಮಂಜುಗಡ್ಡೆಯಲ್ಲಿ 100 ಮೀಟರ್. ಚಾಲಕನ ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡ್ ತಡವಾದರೆ ಅದಕ್ಕೆ ಇನ್ನೂ 14 ಮೀಟರ್ ಸೇರಿಸಿ. ಈ ಸೂತ್ರದಲ್ಲಿ ಕಾರಿನ ತೂಕ ಎಲ್ಲೂ ಬರುವುದಿಲ್ಲ, ‘ಭಾರವಾದ ಕಾರು ಗಟ್ಟಿಯಾಗಿ ನಿಲ್ಲುತ್ತದೆ’ ಎಂಬ ನಂಬಿಕೆಗೆ ಇದರಲ್ಲಿ ಆಧಾರವಿಲ್ಲ. ನಾಲ್ಕು ಚಕ್ರ ಚಾಲನೆಯ ಕಾರು ಹಿಮದಲ್ಲಿ ಸಲೀಸಾಗಿ ಹೊರಡುವುದರಿಂದ ರಸ್ತೆ ಚೆನ್ನಾಗಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಭ್ರಮೆ ಹರಿಯುವುದು ಮುಂದಿನ ತಿರುವಿನಲ್ಲಿ, ಇಲ್ಲವೇ ಶಾಲಾ ಮಕ್ಕಳು ರಸ್ತೆ ದಾಟುವ ಕಡೆ.

ಸೂತ್ರದಲ್ಲಿ ಮನುಷ್ಯನ ಕೈಯಲ್ಲಿರುವುದು ಎರಡೇ: ವೇಗ ಮತ್ತು ಟೈರು. ಸ್ಪೋರ್ಟ್ಸ್ ಕಾರುಗಳು ಅನೇಕ ವೇಳೆ ಕಾರ್ಖಾನೆಯಿಂದ ಬೇಸಿಗೆ ಟೈರು ತೊಟ್ಟೇ ಬರುತ್ತವೆ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಆ ರಬ್ಬರು ಬಿರುಸಾಗತೊಡಗುತ್ತದೆ, ತೀರಾ ಚಳಿಯಲ್ಲಿ ಬಿರುಕೂ ಬಿಡಬಹುದು. ಚಳಿಗೆ ರಬ್ಬರು ಸೆಟೆದುಕೊಂಡರೆ ಏನಾಗುತ್ತದೆಂಬುದಕ್ಕೆ 1986ರ ಚಾಲೆಂಜರ್ ದುರಂತವೇ ಸಾಕ್ಷಿ. ವಿಚಾರಣೆಯ ಸಮಯದಲ್ಲಿ ರಿಚರ್ಡ್ ಫೈನ್‌ಮನ್ ರಬ್ಬರು ಉಂಗುರದ ತುಂಡೊಂದನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ತೋರಿಸಿದ್ದು ಇದನ್ನೇ. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೆದುವಾಗಿರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಕೊರೆದಂಥ ನೂರಾರು ಸೂಕ್ಷ್ಮ ಸೀಳುಗಳಿವೆ. ಅವುಗಳ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ, ಮಲೆನಾಡಿಗರ ಹೆಬ್ಬೆರಳಿನಂತೆ. ಫಿನ್ಲೆಂಡಿನ ಕಾರ್ಖಾನೆಯೊಂದು 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಇಂಥ ಟೈರು ತಯಾರಿಸಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದಲ್ಲಿ ಇವು ಕಡ್ಡಾಯ. ಮಿನಿಯಾಪೊಲಿಸ್ ಇರುವ ಮಿನಿಸೋಟದಲ್ಲಿ ಅಂಥ ಕಾನೂನಿಲ್ಲ. ಹುಡುಗ ತಾನೇ ನಿರ್ಧರಿಸಬೇಕು.

ಎರಡು ಜೊತೆ ಟೈರು ದುಬಾರಿಯೆಂದು ತಂದೆ ಗೊಣಗಬಹುದು. ಒಂದು ಜೊತೆ ಓಡುವಾಗ ಇನ್ನೊಂದು ಸವೆಯದೆ ಮೂಲೆಯಲ್ಲಿರುತ್ತದೆ, ಹಾಗಾಗಿ ಖರ್ಚು ಕಾಣುವಷ್ಟು ಹೆಚ್ಚಲ್ಲ. ಚಳಿಗಾಲಕ್ಕೆ ತುಸು ಕಿರಿದಾದ ಟೈರನ್ನೇ ಆರಿಸುವುದು ವಾಡಿಕೆ. ಅಗಲವಾದದ್ದು ಆಳದ ಹಿಮದ ಮೇಲೆ ತೇಲಿದರೆ, ಕಿರಿದಾದದ್ದು ಸೀಳಿಕೊಂಡು ಕೆಳಗಿಳಿಯುತ್ತದೆ.

ಟೈರಿನ ಮೇಲೆ ಕಾರಿನ ಹೊಟ್ಟೆ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಬೇಕು. ಹನ್ನೆರಡು ಸೆಂಟಿಮೀಟರ್ ಎತ್ತರದ ಕಾರು ರಾತ್ರಿ ಬಿದ್ದ ಇಪ್ಪತ್ತು ಸೆಂಟಿಮೀಟರ್ ಹಿಮದಲ್ಲಿ ನೇಗಿಲಾಗುತ್ತದೆ. ರಸ್ತೆಗೆರಚುವ ಉಪ್ಪು ಮಂಜುಗಡ್ಡೆಯನ್ನು ಕರಗಿಸುತ್ತದೆ, ಜೊತೆಗೆ ಕಾರಿನ ತಳವನ್ನೂ ತಿನ್ನುತ್ತದೆ. ಪೋರ್ಷೆ ತನ್ನ 911ರ ಉಕ್ಕಿನ ಕವಚಕ್ಕೆ 1970ರ ದಶಕದ ನಡುವಿನಲ್ಲೇ ಸತುವಿನ ಲೇಪ ಕೊಡಲು ಶುರುಮಾಡಿದ್ದು ಇಂಥ ತುಕ್ಕಿಗೆ ಹೆದರಿಯೇ. ಹಳೆಯ ಕಾರು ಕೊಳ್ಳುವವನು ಬಣ್ಣ ನೋಡುವ ಮೊದಲು ಬಗ್ಗಿ ಅಡಿಭಾಗ ನೋಡಲಿ.

ಇಷ್ಟೆಲ್ಲ ತೂಗಿದರೆ ಸುಬರು ಡಬ್ಲ್ಯುಆರ್‌ಎಕ್ಸ್, ಟೊಯೋಟ ಜಿಆರ್ ಕೊರೊಲಾದಂಥ ನಾಲ್ಕು ಚಕ್ರ ಚಾಲನೆಯ, ನಾಲ್ಕು ಬಾಗಿಲಿನ ಕಾರು ಆ ಊರಿಗೆ ಹೊಂದುತ್ತದೆ. ಮನಸ್ಸು ಎರಡು ಬಾಗಿಲಿನದ್ದಕ್ಕೇ ಹರಿದರೆ ಸುಬರು ಬಿಆರ್‌ಜಡ್ ಇದೆ. ನಾಲ್ಕು ಚಕ್ರ ಚಾಲನೆಗೆ ಹೆಸರಾದ ಕಂಪೆನಿಯ ಈ ಕಾರನ್ನು ಮಾತ್ರ ಹಿಂದಿನ ಚಕ್ರಗಳೇ ನೂಕುತ್ತವೆ! ಆದರೂ ಚಳಿಗಾಲದ ಟೈರು ತೊಟ್ಟ ಬಿಆರ್‌ಜಡ್, ಬೇಸಿಗೆ ಟೈರಿನ ಡಬ್ಲ್ಯುಆರ್‌ಎಕ್ಸ್‌ಗಿಂತ ಬೇಗ ನಿಲ್ಲುತ್ತದೆ. ತಾಯಿಯ ಪ್ರಶ್ನೆಗೆ ಬೇಕಾದ ಉತ್ತರ ಅದು.

ಮನೆಯಲ್ಲಿ ಫ್ರಿಜ್ ಇರುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಸ್ಟೀಲ್ ತಟ್ಟೆಯ ಮೇಲೆ ರಬ್ಬರು ಇಟ್ಟು, ತಟ್ಟೆಯ ಒಂದು ಅಂಚನ್ನು ನಿಧಾನವಾಗಿ ಎತ್ತಿ. ರಬ್ಬರು ಜಾರತೊಡಗಿದ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಆ ಕೋನದ ಟ್ಯಾಂಜೆಂಟೇ ಘರ್ಷಣಾ ಗುಣಾಂಕ. 0.8ಕ್ಕೆ ಸುಮಾರು 39 ಡಿಗ್ರಿ, 0.25ಕ್ಕೆ 14, 0.1ಕ್ಕೆ 6 ಡಿಗ್ರಿಗೂ ಕಡಿಮೆ. ಬಳಿಕ ತಟ್ಟೆಗೆ ತೆಳುವಾಗಿ ನೀರು ಸುರಿದು ಗಟ್ಟಿಯಾಗಿಸಿ ಮತ್ತೆ ಅಳೆಯಿರಿ. ಕೊನೆಗೆ ರಬ್ಬರನ್ನೂ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಅಳೆದು, ಮೂರೂ ಕೋನಗಳನ್ನು ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆಯಿರಿ.